ಗುಪ್ತ ರಕ್ತದ ಚರಿತ್ರೆ

ದೊಡ್ಡಪ್ಪನ ಆಸ್ಪತ್ರೆಯ ಕಾಗದಗಳನ್ನೆಲ್ಲ ದೊಡ್ಡಮ್ಮ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನ ಮೇಲಿಟ್ಟಿದ್ದರು. ಹೋದ ವರ್ಷ ತಿಥಿಗೆ ಊರಿಗೆ ಹೋಗಿದ್ದಾಗ ಅದನ್ನು ಇಳಿಸಿ ನನ್ನ ಮುಂದಿಟ್ಟು, "ನೀನು ಹಳೇ ಕಾಗದ ಓದೋನಲ್ವಾ, ಇದರಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ನೋಡಿ ಹೇಳು" ಎಂದರು. ಮೈಸೂರು ಸಂಸ್ಥಾನದ ಕಾಲದ ಆಸ್ಪತ್ರೆಗಳ ಬಗ್ಗೆ ಪಿಎಚ್‌.ಡಿ. ಮಾಡುತ್ತಿರುವ ನನಗೆ ಮನೆಯಲ್ಲಿ ಸಿಕ್ಕಿರುವ ಮರ್ಯಾದೆ ಇಷ್ಟೇ. ಕೂತು ಒಂದೊಂದಾಗಿ ನೋಡಿದೆ. ಸ್ಕ್ಯಾನಿಂಗ್ ವರದಿಗಳು, ಬಯಾಪ್ಸಿ ವರದಿ, ಡಿಸ್ಚಾರ್ಜ್ ಕಾಗದ, ಔಷಧಿ ಅಂಗಡಿಯ ಬಿಲ್ಲುಗಳು. ಎಲ್ಲಕ್ಕಿಂತ ಕೆಳಗೆ, ಮಡಿಕೆಯಲ್ಲಿ ಹರಿಯಲು ಶುರುವಾಗಿದ್ದ ಒಂದು ಚೀಟಿ. ಬಸ್‌ಸ್ಟ್ಯಾಂಡ್ ಪಕ್ಕದ ಲ್ಯಾಬಿನದು. ಮಲ ಪರೀಕ್ಷೆಯ ವರದಿ. ಕೊನೆಯ ಸಾಲಿನಲ್ಲಿ 'ಆಕಲ್ಟ್ ಬ್ಲಡ್: ನೆಗೆಟಿವ್' ಎಂದಿತ್ತು. ಅದರ ಪಕ್ಕದಲ್ಲಿ ಡಾಕ್ಟರು ನೀಲಿ ಶಾಯಿಯಲ್ಲಿ ಒಂದು ಟಿಕ್ ಹಾಕಿದ್ದರು.

ಬಯಾಪ್ಸಿಯಲ್ಲಿ ಗುದನಾಳದ ಕ್ಯಾನ್ಸರ್ ಎಂದು ಗೊತ್ತಾಗುವುದಕ್ಕೆ ಎಂಟು ತಿಂಗಳ ಮುಂಚಿನ ಚೀಟಿ ಅದು. ಆಗಲೇ ದೊಡ್ಡಪ್ಪನಿಗೆ ಆಗಾಗ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಎಂದು ಮಾತ್ರೆ, ಮುಲಾಮು ನಡೆದಿತ್ತು. ಯಾಕೋ ಅನುಮಾನ ಬಂದು ಒಂದು ಸಲ ಪರೀಕ್ಷೆ ಬರೆದುಕೊಟ್ಟಿದ್ದರು. ವರದಿ ಬಂದ ದಿನ ದೊಡ್ಡಪ್ಪ ನೇರವಾಗಿ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಮನೆಗೆ ಬಂದರಂತೆ. ಆಮೇಲೆ ಅವರು ರಕ್ತದ ವಿಷಯ ಎತ್ತಲಿಲ್ಲ, ಡಾಕ್ಟರೂ ಕೇಳಲಿಲ್ಲ. ಆ ಎಂಟು ತಿಂಗಳು ಎಲ್ಲರನ್ನೂ ಸುಮ್ಮನಿರಿಸಿದ್ದು ಆ ಒಂದು ಪದ.

ಕರುಳಿನ ಕ್ಯಾನ್ಸರ್ ನನ್ನ ಸಂಶೋಧನೆಯ ವಿಷಯವಲ್ಲ, ನಾನು ವೈದ್ಯನೂ ಅಲ್ಲ. ಆದರೆ ಒಂದು ದಾಖಲೆ ಕೈಗೆ ಸಿಕ್ಕರೆ ಅದನ್ನು ಯಾರು ಬರೆದರು, ಯಾರಿಗಾಗಿ ಬರೆದರು, ಬರೆದವರಿಗೆ ಏನು ಗೊತ್ತಿತ್ತು ಎಂದು ಕೇಳುವುದು ನಮ್ಮ ಶಿಸ್ತಿನ ಮೊದಲ ಪಾಠ. ಆ ಚೀಟಿಯ ಹಿಂದೆ ಹೋದಾಗ ನನಗೆ ಸಿಕ್ಕಿದ ಚರಿತ್ರೆ ಇದು. ಹೆಚ್ಚಿನ ಭಾಗ ನಮ್ಮೂರಿನಿಂದ ಬಹಳ ದೂರದಲ್ಲಿ, ಯುರೋಪು ಮತ್ತು ಅಮೆರಿಕದಲ್ಲಿ ನಡೆದದ್ದು.

ಸಾಹಿತ್ಯದ ಓದುಗರಿಗೆ ಈ ಪರೀಕ್ಷೆಯ ಹೆಸರು ಪೂರ್ತಿ ಹೊಸದಲ್ಲ, ಓದಿ ಮರೆತಿರಬಹುದು ಅಷ್ಟೆ. ಆರ್ಥರ್ ಕಾನನ್ ಡಾಯ್ಲ್ 1887ರಲ್ಲಿ ಪ್ರಕಟಿಸಿದ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಕಾದಂಬರಿಯಲ್ಲಿ ಡಾಕ್ಟರ್ ವಾಟ್ಸನ್ ಮೊದಲ ಬಾರಿಗೆ ಷರ್ಲಾಕ್ ಹೋಮ್ಸ್‌ನನ್ನು ನೋಡುವುದು ಆಸ್ಪತ್ರೆಯ ಒಂದು ಪ್ರಯೋಗಾಲಯದಲ್ಲಿ. ರಕ್ತದ ಕಲೆಯನ್ನು ಖಚಿತವಾಗಿ ಗುರುತಿಸುವ ಹೊಸ ವಿಧಾನ ಸಿಕ್ಕಿತೆಂದು ಹೋಮ್ಸ್ ಕುಣಿದಾಡುತ್ತಿರುತ್ತಾನೆ. ಆ ಸಂಭ್ರಮದಲ್ಲಿ ಅವನು ಹಳೆಯ ಗ್ವಾಯಾಕಮ್ ಪರೀಕ್ಷೆಯನ್ನು ನಂಬುವ ಹಾಗಿಲ್ಲ ಎಂದು ಹೀಗಳೆಯುತ್ತಾನೆ. ಕಾನನ್ ಡಾಯ್ಲ್ ಆಗ ಇಂಗ್ಲೆಂಡಿನ ಸೌತ್‌ಸೀಯಲ್ಲಿ ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದ ಸಾಮಾನ್ಯ ವೈದ್ಯ. ಹೋಮ್ಸ್‌ನ ಹೊಸ ವಿಧಾನ ಕಾದಂಬರಿಯಲ್ಲೇ ಉಳಿಯಿತು. ಅವನು ಹೀಗಳೆದ ಹಳೆಯ ಪರೀಕ್ಷೆ ಮುಂದೆ ಲಕ್ಷಾಂತರ ಜನರ ಮಲದಲ್ಲಿ ರಕ್ತ ಹುಡುಕಿತು.

ಗ್ವಾಯಾಕಮ್ ಎನ್ನುವುದು ಕೆರೀಬಿಯನ್ ದ್ವೀಪಗಳ ಕಡೆಯ ಒಂದು ಗಟ್ಟಿ ಮರ. ಹದಿನಾರನೇ ಶತಮಾನದಲ್ಲಿ ಅದರ ಚಕ್ಕೆ ಯುರೋಪಿಗೆ ಬಂದದ್ದು ಸಿಫಿಲಿಸ್‌ಗೆ, ಅಂದರೆ ನಮ್ಮವರು ಫಿರಂಗರೋಗ ಎಂದು ಕರೆದ ಕಾಯಿಲೆಗೆ, ಔಷಧಿಯಾಗಿ. ಔಷಧಿಯಾಗಿ ಅದು ಉಳಿಯಲಿಲ್ಲ. ಆದರೆ ಆ ಮರದ ಅಂಟಿಗೆ ಒಂದು ಗುಣವಿತ್ತು. ರಕ್ತದ ಜೊತೆ ಸೇರಿಸಿ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೀಲಿಯಾಗುತ್ತದೆ. 1860ರ ದಶಕದಲ್ಲಿ ಡಚ್ ವೈದ್ಯ ವಾನ್ ಡೇನ್ ಈ ಅಂಟನ್ನು ರಕ್ತ ಪತ್ತೆಗೆ ಬಳಸುವುದನ್ನು ವಿವರಿಸಿದ. 1901ರಲ್ಲಿ ಬರ್ಲಿನ್ನಿನ ಇಸ್ಮಾರ್ ಬೋಆಸ್ ಕಣ್ಣಿಗೆ ಕಾಣದಷ್ಟು ಕಡಿಮೆ ರಕ್ತವನ್ನು ಮಲದಲ್ಲಿ ಹುಡುಕಿ, ಹೊಟ್ಟೆ ಕರುಳಿನ ರೋಗಗಳನ್ನು ಗುರುತಿಸಬಹುದು ಎಂದು ತೋರಿಸಿದ. ಗುಪ್ತ ರಕ್ತ ಎಂಬ ಮಾತು ವೈದ್ಯರ ಬಾಯಿಗೆ ಬಂದದ್ದು ಅವನಿಂದ. ಜೀರ್ಣಾಂಗಗಳ ರೋಗಕ್ಕೆಂದೇ ಪ್ರತ್ಯೇಕ ಚಿಕಿತ್ಸಾಲಯ ತೆರೆದ, 1895ರಲ್ಲಿ ಅದಕ್ಕೆಂದೇ ಒಂದು ಪತ್ರಿಕೆ ಆರಂಭಿಸಿದ ಬೋಆಸ್ ಯಹೂದಿಯಾಗಿದ್ದ. ನಾಜಿಗಳ ಕಾಲದಲ್ಲಿ ಬರ್ಲಿನ್ ಬಿಟ್ಟು ವಿಯೆನ್ನಾ ಸೇರಿದ. 1938ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯ ಅಲ್ಲಿಗೂ ಬಂದಾಗ ಆತ್ಮಹತ್ಯೆ ಮಾಡಿಕೊಂಡ. ಬಸ್‌ಸ್ಟ್ಯಾಂಡ್ ಪಕ್ಕದ ಲ್ಯಾಬಿನ ಚೀಟಿಯ ಒಂದು ಪದದ ಹಿಂದೆ ಇಂಥ ಒಂದು ಬದುಕಿದೆ ಎಂದು ನಾನು ಊಹಿಸಿರಲಿಲ್ಲ.

ಬೋಆಸ್ ಪರೀಕ್ಷಿಸಿದ್ದು ಕಾಯಿಲೆಯೆಂದು ತನ್ನ ಬಳಿ ಬಂದವರನ್ನು. ಏನೂ ತೊಂದರೆಯಿಲ್ಲದವರಲ್ಲಿ ಹುಡುಕಬಹುದು ಎಂಬ ಯೋಚನೆ ನೆಲೆಯೂರಲು ಇನ್ನೂ ಅರವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಅದನ್ನು ಮಾಡಿ ತೋರಿಸಿದವರು ದೊಡ್ಡ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಲ್ಲ. ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ಸ್ವಂತ ಪ್ರಾಕ್ಟೀಸ್ ನಡೆಸುತ್ತಿದ್ದ ಡೇವಿಡ್ ಗ್ರೀಗರ್ ಎಂಬ ವೈದ್ಯರು. ಯಾವ ಲಕ್ಷಣವೂ ಇಲ್ಲದವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಪತ್ತೆ ಮಾಡುವುದರ ಬಗ್ಗೆ 1967ರಲ್ಲಿ ಅವರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದರು.

ಗ್ರೀಗರ್ ಹೊಸ ರಾಸಾಯನಿಕವನ್ನೇನೂ ಕಂಡುಹಿಡಿಯಲಿಲ್ಲ. ಅವರು ಕಂಡುಕೊಂಡದ್ದು ಒಂದು ಕ್ರಮವನ್ನು. ಗ್ವಾಯಾಕ್ ಸವರಿದ ಕಾಗದವಿರುವ ರಟ್ಟಿನ ಕಾರ್ಡುಗಳನ್ನು ಮನೆಗೆ ಕೊಟ್ಟು ಕಳಿಸುತ್ತಿದ್ದರು. ಆ ದಿನಗಳಲ್ಲಿ ಮಾಂಸ ತಿನ್ನಬಾರದು, ಯಾಕೆಂದರೆ ಮಾಂಸದಲ್ಲಿರುವ ರಕ್ತವೂ ಕಾಗದವನ್ನು ನೀಲಿ ಮಾಡುತ್ತದೆ. ನಾರಿನಂಶದ ಆಹಾರ ಹೆಚ್ಚು ತಿನ್ನಬೇಕು. ಮೂರು ದಿನದ ಮಲದಿಂದ ಕಡ್ಡಿಯಲ್ಲಿ ಚೂರು ಚೂರು ತೆಗೆದು ಕಾರ್ಡಿಗೆ ಸವರಿ ತರಬೇಕು. ಮುಂದೆ ಈ ಕ್ರಮ ನೆಲೆಗೊಂಡಾಗ ಮೂರು ಸಲದ ಮಲದ ಎರಡೆರಡು ಕಡೆಯಿಂದ, ಒಟ್ಟು ಆರು ಮಾದರಿ ಎಂದಾಯಿತು.

ಇಷ್ಟೊಂದು ರಗಳೆ ಯಾಕೆ? ಕರುಳಿನ ಗಡ್ಡೆ ದಿನವೂ ರಕ್ತ ಸುರಿಸುವುದಿಲ್ಲ. ಇವತ್ತು ಒಸರಿದ್ದು ನಾಳೆ ನಿಲ್ಲಬಹುದು. ಒಸರಿದ ರಕ್ತ ಮಲದ ತುಂಬ ಒಂದೇ ಸಮನಾಗಿ ಬೆರೆಯುವುದೂ ಇಲ್ಲ. ನಮ್ಮ ಅಡುಗೆಮನೆಯ ಎರಡು ಕೆಲಸಗಳನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಪಾತ್ರೆಯ ಎಲ್ಲ ಅಗುಳಿನ ಗತಿಯೂ ಒಂದೇ. ಆದರೆ ಅಕ್ಕಿಯಲ್ಲಿ ಕಲ್ಲಿದೆಯೇ ಎಂದು ನೋಡಲು ಒಂದು ಕಾಳು ಸಾಕಾಗುವುದಿಲ್ಲ. ಮೊರಕ್ಕೆ ಹಾಕಿ ಆರಿಸಬೇಕು. ಗುಪ್ತ ರಕ್ತ ಹುಡುಕುವುದು ಕಲ್ಲು ಆರಿಸುವ ಕೆಲಸ. ಗ್ರೀಗರ್‌ಗೆ ತಿಳಿದಿದ್ದದ್ದು ಇದು. ಅವರ ಪರೀಕ್ಷೆ ಇದ್ದದ್ದು ಆ ನೀಲಿ ಬಣ್ಣದಲ್ಲಿ ಮಾತ್ರವಲ್ಲ, ಆ ಮೂರು ದಿನಗಳಲ್ಲಿ.

ಹುಡುಕಿದರೆ ಪ್ರಯೋಜನ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗಲು ಮತ್ತೆ ಕಾಲು ಶತಮಾನ ಹಿಡಿಯಿತು. 1975ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಒಂದು ಅಧ್ಯಯನ ಶುರುವಾಯಿತು. 50ರಿಂದ 80 ವಯಸ್ಸಿನ 46,551 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವರ್ಷಕ್ಕೊಮ್ಮೆ ಆರು ಮಾದರಿಯ ಪರೀಕ್ಷೆ, ಇನ್ನೊಂದಕ್ಕೆ ಎರಡು ವರ್ಷಕ್ಕೊಮ್ಮೆ, ಮೂರನೆಯದಕ್ಕೆ ಇಲ್ಲ. ಪರೀಕ್ಷೆಯಲ್ಲಿ ನೀಲಿ ಕಂಡವರಿಗೆ ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಬಳುಕುವ ಕೊಳವೆ ಹಾಕಿ ಇಡೀ ದೊಡ್ಡ ಕರುಳನ್ನು ನೋಡುವ ಪರೀಕ್ಷೆ. 1993ರಲ್ಲಿ ಫಲಿತಾಂಶ ಬಂತು. ಹದಿಮೂರು ವರ್ಷಗಳಲ್ಲಿ ಪರೀಕ್ಷೆ ಇಲ್ಲದ ಗುಂಪಿನಲ್ಲಿ ಸಾವಿರಕ್ಕೆ 8.83 ಜನ ಕರುಳಿನ ಕ್ಯಾನ್ಸರಿನಿಂದ ಸತ್ತಿದ್ದರೆ, ವರ್ಷಕ್ಕೊಮ್ಮೆ ಪರೀಕ್ಷೆಯಾದ ಗುಂಪಿನಲ್ಲಿ 5.88 ಜನ. ಮೂರರಲ್ಲಿ ಒಂದು ಸಾವು ತಪ್ಪಿತ್ತು. 1996ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಮತ್ತು ಡೆನ್ಮಾರ್ಕಿನ ಫ್ಯೂನೆನ್ ಅಧ್ಯಯನಗಳು, ಎರಡು ವರ್ಷಕ್ಕೊಮ್ಮೆ ಮಾಡಿದರೂ ಸಾವು ಕ್ರಮವಾಗಿ ಶೇ. 15 ಮತ್ತು ಶೇ. 18ರಷ್ಟು ಇಳಿಯುತ್ತದೆಂದು ಹೇಳಿದವು. ಸಾಕಷ್ಟು ಪುರಾವೆಯಿಲ್ಲ ಎಂದು 1989ರಲ್ಲಿ ಕೈಚೆಲ್ಲಿದ್ದ ಅಮೆರಿಕದ ಮುನ್ನೆಚ್ಚರಿಕೆ ಸೇವೆಗಳ ಕಾರ್ಯಪಡೆ 1996ರಲ್ಲಿ, ಐವತ್ತು ದಾಟಿದ ಎಲ್ಲರಿಗೂ ತಪಾಸಣೆ ಆಗಬೇಕು ಎಂದಿತು.

ಪುರಾವೆ ಬಂತು, ಶಿಫಾರಸೂ ಬಂತು. ಇನ್ನು ಉಳಿದದ್ದು ಕುಟುಂಬ ವೈದ್ಯರು ಅದನ್ನು ಮಾಡುವುದು. ನನ್ನ ಮಟ್ಟಿಗೆ ಈ ಚರಿತ್ರೆಯ ಅಸಲು ಭಾಗ ಶುರುವಾಗುವುದು ಇಲ್ಲಿ.

1999-2000ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಮೊದಲಾದವು ಸೇರಿ ದೇಶದ ಪ್ರಾಥಮಿಕ ಹಂತದ ವೈದ್ಯರ ಒಂದು ಸಮೀಕ್ಷೆ ನಡೆಸಿದವು. ಕರುಳಿನ ಕ್ಯಾನ್ಸರಿಗೆ ತಪಾಸಣೆ ಬೇಕೇ ಎಂದರೆ ಹೆಚ್ಚುಕಡಿಮೆ ಎಲ್ಲರೂ ಬೇಕು ಎಂದಿದ್ದರು. ಯಾವ ವಯಸ್ಸಿಗೆ ಶುರು, ಎಷ್ಟು ವರ್ಷಕ್ಕೊಮ್ಮೆ ಎಂದಾಗ ಉತ್ತರಗಳು ಚದುರಿದವು. ಮಲದ ಪರೀಕ್ಷೆಯನ್ನು ಹೇಗೆ ಮಾಡುತ್ತೀರಿ ಎಂಬ ಪ್ರಶ್ನೆಯ ಉತ್ತರಗಳು 2005ರಲ್ಲಿ ಪ್ರಕಟವಾದಾಗ ಅಚ್ಚರಿಯ ಸಂಗತಿಯೊಂದು ಹೊರಬಿತ್ತು. ಆ ಪರೀಕ್ಷೆ ಮಾಡುವ 1,147 ವೈದ್ಯರಲ್ಲಿ ಶೇ. 32.5ರಷ್ಟು ಜನ ಕಾರ್ಡನ್ನು ಮನೆಗೆ ಕಳಿಸುತ್ತಲೇ ಇರಲಿಲ್ಲ. ಕ್ಲಿನಿಕ್ಕಿನಲ್ಲೇ ಗುದದ್ವಾರವನ್ನು ಬೆರಳಿನಿಂದ ಪರೀಕ್ಷಿಸುವಾಗ ಕೈಗವಸಿಗೆ ಅಂಟಿದ್ದನ್ನು ಕಾರ್ಡಿಗೆ ಸವರಿ, ಎರಡು ಹನಿ ಹಾಕಿ, ನೀಲಿ ಬಾರದಿದ್ದರೆ ನೆಗೆಟಿವ್ ಎಂದು ಹೇಳಿ ಕಳಿಸುತ್ತಿದ್ದರು. ಇನ್ನು ಶೇ. 41.2ರಷ್ಟು ಜನ ಎರಡೂ ವಿಧಾನ ಬಳಸುತ್ತಿದ್ದರು. ಪಾಸಿಟಿವ್ ಬಂದರೆ ಏನು ಮಾಡುತ್ತೀರಿ ಎಂಬುದಕ್ಕೆ ಶೇ. 30ರಷ್ಟು ವೈದ್ಯರ ಉತ್ತರ, ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುತ್ತೇವೆ ಎಂದು. ಹಾಗೆ ಮಾಡಬಾರದು. ಗಡ್ಡೆ ಬಿಟ್ಟು ಬಿಟ್ಟು ರಕ್ತ ಸುರಿಸುವುದರಿಂದ ಎರಡನೇ ಸಲ ಇಲ್ಲ ಎಂದು ಬಂದರೆ ಮೊದಲನೆಯದು ಸುಳ್ಳಾಗುವುದಿಲ್ಲ. ಒಮ್ಮೆ ನೀಲಿ ಕಂಡಿತೆಂದರೆ ಒಳಗೆ ನೋಡಲೇಬೇಕು.

ಒಂದು ಬೆರಳು, ಒಂದು ಮಾದರಿ. ಕಲ್ಲು ಹುಡುಕಬೇಕಾದ ಕಡೆ ಅಗುಳು ಹಿಸುಕಿದ್ದರು.

ಇದರಿಂದ ಆಗುವ ನಷ್ಟವೆಷ್ಟು ಎಂದು ಅದೇ 2005ರಲ್ಲಿ, ಅದೇ ವೈದ್ಯಕೀಯ ಪತ್ರಿಕೆಯಲ್ಲಿ, ಇನ್ನೊಂದು ಅಧ್ಯಯನ ಲೆಕ್ಕ ಹಾಕಿತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಯಾವ ಲಕ್ಷಣವೂ ಇಲ್ಲದ 2,665 ಜನರಿಗೆ ಬೆರಳಿನ ಒಂದೇ ಮಾದರಿಯ ಪರೀಕ್ಷೆಯನ್ನೂ ಮನೆಯ ಆರು ಮಾದರಿಯ ಪರೀಕ್ಷೆಯನ್ನೂ ಮಾಡಿ, ಆಮೇಲೆ ಎಲ್ಲರಿಗೂ ಕೊಲೊನೊಸ್ಕೋಪಿ ಮಾಡಿದರು. ಕ್ಯಾನ್ಸರ್ ಅಥವಾ ಕ್ಯಾನ್ಸರಾಗುವ ಸಾಧ್ಯತೆ ಹೆಚ್ಚಿರುವ ಬೆಳವಣಿಗೆ ಇದ್ದವರಲ್ಲಿ ಮನೆಯ ಪರೀಕ್ಷೆ ಹಿಡಿದದ್ದು ಶೇ. 23.9 ಜನರನ್ನು. ಬೆರಳಿನ ಪರೀಕ್ಷೆ ಹಿಡಿದದ್ದು ಶೇ. 4.9 ಜನರನ್ನು. ನೂರರಲ್ಲಿ ತೊಂಬತ್ತೈದು ಜನರಿಗೆ, ಒಳಗೆ ಬೆಳೆಯುತ್ತಿರುವುದನ್ನು ಇಟ್ಟುಕೊಂಡೇ, ನೆಗೆಟಿವ್ ಎಂದು ಹೇಳಿ ಕಳಿಸಿದಂತಾಯಿತು. ಮನೆಯ ಪರೀಕ್ಷೆಯೂ ಒಂದು ಸಲಕ್ಕೆ ಹೆಚ್ಚೇನೂ ಹಿಡಿಯುವುದಿಲ್ಲ ಎನ್ನುವುದನ್ನು ಮರೆಯಬಾರದು. ಅದರ ಬಲವಿರುವುದು ವರ್ಷ ವರ್ಷ ಮಾಡುವುದರಲ್ಲಿ. ಮಿನೆಸೋಟದಲ್ಲಿ ಸಾವು ಇಳಿದದ್ದು ಹಾಗೆ.

ಈ ಅಂಕಿಗಳನ್ನು ಓದಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ, ಆ ವೈದ್ಯರ ಕುರ್ಚಿಯಲ್ಲಿ ಕೂತು ನೋಡಲು ಪ್ರಯತ್ನಪಟ್ಟೆ. ಕಾರ್ಡು ಕೊಟ್ಟು ಕಳಿಸಿದರೆ ಎಷ್ಟೋ ಜನ ಅದನ್ನು ವಾಪಸ್ ತರುವುದಿಲ್ಲ. ತಮ್ಮ ಮಲವನ್ನು ಕಡ್ಡಿಯಲ್ಲಿ ತೆಗೆದು ಸವರುವುದು ಯಾರಿಗೆ ಇಷ್ಟ? ರೋಗಿ ಎದುರಿಗಿದ್ದಾನೆ, ಬೆರಳಿನ ಪರೀಕ್ಷೆ ಹೇಗೂ ಮಾಡುತ್ತಿದ್ದೇನೆ, ಕಾರ್ಡು ಡ್ರಾಯರಿನಲ್ಲೇ ಇದೆ. ಏನೂ ಮಾಡದೆ ಕಳಿಸುವುದಕ್ಕಿಂತ ಇಷ್ಟಾದರೂ ಮಾಡೋಣ. ವೈದ್ಯಕೀಯ ಕಾಲೇಜಿನಲ್ಲಿ ಇಡೀ ದೇಹದ ಪರೀಕ್ಷೆಯ ಭಾಗವಾಗಿ ಕಲಿತದ್ದೂ ಇದನ್ನೇ. ಇವರ್ಯಾರೂ ಸೋಮಾರಿಗಳಲ್ಲ, ತಪಾಸಣೆ ಬೇಡ ಎಂದವರೂ ಅಲ್ಲ. ಒಳ್ಳೆಯ ಉದ್ದೇಶದಿಂದಲೇ ಮೂರು ದಿನವನ್ನು ಒಂದು ಕ್ಷಣಕ್ಕೆ ಇಳಿಸಿದ್ದರು. ರಾಸಾಯನಿಕ ಅದೇ, ಕಾರ್ಡು ಅದೇ, ಬಣ್ಣ ಅದೇ. ಹಾಗಾಗಿ ಪರೀಕ್ಷೆಯೂ ಅದೇ ಎಂದು ಅವರಿಗನ್ನಿಸಿತು. 'ವೈದ್ಯರ ತಿಳಿವಳಿಕೆ' ಎಂದಾಗ ನಾವು ಸಾಮಾನ್ಯವಾಗಿ ಕೇಳುವುದು ಅವರಿಗೆ ಈ ಪರೀಕ್ಷೆ ಗೊತ್ತೇ ಎಂದು. ಇವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಹೋದದ್ದು ಆ ಪರೀಕ್ಷೆ ಯಾಕೆ ಹಾಗಿದೆ ಎಂಬುದು. ಕಾರಣ ಗೊತ್ತಿಲ್ಲದ ವಿಧಿಯನ್ನು ನಾವು ಅನುಕೂಲ ಕಂಡ ಕಡೆಯೆಲ್ಲ ಕತ್ತರಿಸುತ್ತೇವೆ. ನಮ್ಮ ಮದುವೆ, ತಿಥಿಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತಡವಾಗುವುದು ಸಣ್ಣ ಊರಿನ ಕ್ಲಿನಿಕ್ಕಿನಲ್ಲಿ ಮಾತ್ರವಲ್ಲ. ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಕರುಳಿನಲ್ಲಿ 1984ರ ಮೇ ತಿಂಗಳಲ್ಲಿ ಒಂದು ಪಾಲಿಪ್, ಅಂದರೆ ಒಳಪದರದಲ್ಲಿ ಚಿಗುರುವ ಸಣ್ಣ ಗಂಟು, ಕಂಡಿತ್ತು. 1985ರ ಮಾರ್ಚಿಯಲ್ಲಿ ಇನ್ನೊಂದು ಕಂಡಿತು, ಮಲದಲ್ಲಿ ರಕ್ತದ ಸುಳಿವೂ ಸಿಕ್ಕಿತು. ಇಡೀ ದೊಡ್ಡ ಕರುಳನ್ನು ಕೊಳವೆಯಿಂದ ನೋಡಿದ್ದು ಮಾತ್ರ ಆ ವರ್ಷದ ಜುಲೈನಲ್ಲಿ. ಕರುಳಿನ ಆರಂಭದ ತುದಿಯಲ್ಲಿ ದೊಡ್ಡ ಬೆಳವಣಿಗೆಯೊಂದಿತ್ತು, ಅದರಲ್ಲಿ ಕ್ಯಾನ್ಸರ್ ಇತ್ತು. ಮರುದಿನವೇ ಶಸ್ತ್ರಚಿಕಿತ್ಸೆಯಾಗಿ ಅವರು ಉಳಿದರು. ಇಷ್ಟು ತಡವೇಕಾಯಿತು ಎಂದು ಪತ್ರಿಕೆಗಳು ಕೇಳಿದವು.

ಪ್ರತಿಯೊಬ್ಬ ವೈದ್ಯರೂ ಎಲ್ಲವನ್ನೂ ನೆನಪಿಟ್ಟುಕೊಂಡು ಸರಿಯಾಗಿಯೇ ಮಾಡುತ್ತಾರೆ ಎಂದು ನಂಬಿ ಕೂರದೆ ಬೇರೆ ದಾರಿ ಹಿಡಿದ ದೇಶಗಳೂ ಇವೆ. ಜಪಾನ್ 1992ರಲ್ಲೇ ಮನುಷ್ಯರ ರಕ್ತವನ್ನು ಮಾತ್ರ ಗುರುತಿಸುವ ಹೊಸ ಬಗೆಯ ಮಲ ಪರೀಕ್ಷೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ತಂದಿತು. ಅದಕ್ಕೆ ಮಾಂಸ ಬಿಡಬೇಕಾಗಿಲ್ಲ, ಮೂರು ದಿನ ಕಾಯಬೇಕಾಗಿಲ್ಲ. ಇಂಗ್ಲೆಂಡ್ 2006ರಿಂದ ಕಾರ್ಡುಗಳನ್ನು ನೇರವಾಗಿ ಅಂಚೆಯಲ್ಲಿ ಜನರ ಮನೆಗೆ ಕಳಿಸತೊಡಗಿತು, 2019ರಲ್ಲಿ ಅದೂ ಹೊಸ ಪರೀಕ್ಷೆಗೆ ಬದಲಾಯಿತು. ಯಾರಿಗೆ, ಯಾವಾಗ, ಹೇಗೆ ಎಂಬುದನ್ನು ವ್ಯವಸ್ಥೆಯೇ ನೆನಪಿಟ್ಟುಕೊಳ್ಳುತ್ತದೆ. ಅಮೆರಿಕದಲ್ಲೇ, ಕ್ಯಾಲಿಫೋರ್ನಿಯಾದ ಉತ್ತರ ಭಾಗದ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆ ಹೀಗೆ ಅಂಚೆಯಲ್ಲಿ ಪರೀಕ್ಷೆ ಕಳಿಸಲು ಶುರುಮಾಡಿತು. ಅಲ್ಲಿ ತಪಾಸಣೆ ಆದವರ ಪ್ರಮಾಣ 2000ದಲ್ಲಿ ಶೇ. 39ರಷ್ಟಿದ್ದದ್ದು 2015ಕ್ಕೆ ಶೇ. 83ಕ್ಕೆ ಏರಿತು. ಹಾಗೆಂದು ಕುಟುಂಬ ವೈದ್ಯರು ಬೇಡವಾಗಲಿಲ್ಲ. ಇಂಗ್ಲೆಂಡಿನ ಪತ್ರದ ಜೊತೆ ಅವರವರ ವೈದ್ಯರ ಒಪ್ಪಿಗೆಯ ಮಾತು ಇದ್ದಾಗ ಇನ್ನಷ್ಟು ಜನ ಕಾರ್ಡು ವಾಪಸ್ ಕಳಿಸಿದರು. ಕೈಕೆಲಸವನ್ನು ಅಂಚೆಯವನು ಮಾಡಬಹುದು, ಧೈರ್ಯ ಹೇಳಲು ಗುರುತಿನವರೇ ಬೇಕು.

ಇಷ್ಟು ಓದಿಕೊಂಡು ನಾನು ಮತ್ತೆ ದೊಡ್ಡಪ್ಪನ ಚೀಟಿಗೆ ಬಂದೆ.

ನಮ್ಮ ದೇಶದಲ್ಲಿ ಕರುಳಿನ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಷ್ಟಿಲ್ಲ. ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮ ತಪಾಸಣೆಗೆ ಆರಿಸಿಕೊಂಡಿರುವುದು ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರುಗಳನ್ನು. ಇರುವ ಹಣ, ಇರುವ ವೈದ್ಯರನ್ನು ನೋಡಿದರೆ ಅದು ತಪ್ಪು ಎನ್ನಲಾಗದು. ಐವತ್ತು ದಾಟಿದ ಎಲ್ಲರಿಗೂ ಮನೆಗೆ ಕಾರ್ಡು ಕಳಿಸಿ ಎಂದು ನಾನು ವಾದಿಸುತ್ತಿಲ್ಲ. ಆದರೆ ದೊಡ್ಡಪ್ಪನದು ತಪಾಸಣೆಯ ಪ್ರಶ್ನೆಯೇ ಆಗಿರಲಿಲ್ಲ. ತಪಾಸಣೆ ಇರುವುದು ಲಕ್ಷಣವಿಲ್ಲದವರಿಗೆ. ದೊಡ್ಡಪ್ಪನಿಗೆ ಕಣ್ಣಿಗೆ ಕಾಣುವಂತೆ ರಕ್ತ ಹೋಗುತ್ತಿತ್ತು. ಬೆಳಕಿನಲ್ಲಿ ಎದುರಿಗೇ ಇದ್ದ ರಕ್ತವನ್ನು ಬಿಟ್ಟು ಗುಪ್ತ ರಕ್ತ ಹುಡುಕಲು ಹೋದಂತಾಗಿತ್ತು. ಬಿಟ್ಟು ಬಿಟ್ಟು ಹೋಗುವ ರಕ್ತ ಆ ಒಂದು ದಿನದ, ಆ ಒಂದು ಚೂರಿನಲ್ಲಿ ಇರಲಿಲ್ಲ. ಆ 'ಇಲ್ಲ' ಅನ್ನೋದು ಅವರು ಕಣ್ಣಾರೆ ಕಂಡ 'ಇದೆ'ಯನ್ನೇ ಅಳಿಸಿಹಾಕಿತು.

ಅಮೆರಿಕದ ವೈದ್ಯರು ಬೇಡದ ಕಡೆ ಬಳಸಿದ ಬೆರಳೇ ಇಲ್ಲಿ ಬೇಕಿತ್ತು. ಗುದನಾಳದ ಕೆಳಭಾಗದ ಗಡ್ಡೆ ಬೆರಳಿಗೆ ಎಟುಕುತ್ತದೆ. ದೊಡ್ಡಪ್ಪನ ಗಡ್ಡೆ ಬೆರಳಿಗೆ ಸಿಗುತ್ತಿದೆ ಎಂದು ಮುಂದೆ ದೊಡ್ಡ ಆಸ್ಪತ್ರೆಯವರು ಮೊದಲ ದಿನವೇ ಬರೆದಿದ್ದಾರೆ. ಆ ಕಾಗದವೂ ಅದೇ ಕವರಿನಲ್ಲಿತ್ತು. ಒಂದು ಕಡೆ ಬೆರಳನ್ನು ನಂಬಿ ಕಾರ್ಡನ್ನು ಹಾಳುಮಾಡಿದರು, ಇನ್ನೊಂದು ಕಡೆ ಕಾಗದವನ್ನು ನಂಬಿ ಬೆರಳನ್ನು ಬಳಸಲೇ ಇಲ್ಲ. ಯಾವ ಪರೀಕ್ಷೆ ಯಾರಿಗೆ ಎಂಬ ಒಂದೇ ಪ್ರಶ್ನೆಯನ್ನು ಎರಡೂ ಕಡೆ ಕೇಳಿಕೊಂಡಿರಲಿಲ್ಲ.

ನಾನು ಆ ಡಾಕ್ಟರನ್ನು ನೋಡಲು ಹೋದೆ. ಜಗಳಕ್ಕಲ್ಲ. ನನಗೆ ಸಣ್ಣವನಿದ್ದಾಗ ಜ್ವರಕ್ಕೆ ಇಂಜೆಕ್ಷನ್ ಕೊಟ್ಟವರು ಅವರೇ. ಸಂಜೆ ಏಳಾದರೂ ಹೊರಗೆ ಬೆಂಚಿನ ಮೇಲೆ ಜನ ತುಂಬಿದ್ದರು. ಎಲ್ಲರೂ ಹೋಗುವತನಕ ಕೂತಿದ್ದೆ. ಚೀಟಿ ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಟಿಕ್ ನಂದೇ" ಎಂದರು. ಆಮೇಲೆ, "ಪರೀಕ್ಷೆ ಮಾಡಬೇಕಿತ್ತು ಕಣಪ್ಪ. ಮಾಡಲಿಲ್ಲ. ಮಲಗಿ ಅಂದೆ, ನಿಮ್ಮ ದೊಡ್ಡಪ್ಪ 'ಅಯ್ಯೋ ಅದೆಲ್ಲ ಬೇಡ ಡಾಕ್ಟ್ರೇ, ಮಾತ್ರೆ ಕೊಡಿ ಸಾಕು' ಅಂದ್ರು. ಹೊರಗೆ ನಲವತ್ತು ಜನ. ನನಗೂ ಬೇಡ ಅಂದದ್ದೇ ಅನುಕೂಲ ಆಯ್ತು."

ನಾನು ಸುಮ್ಮನೆ ಕೂತಿದ್ದೆ. ಅವರ ಹಿಂದಿದ್ದ ಮಂಚಕ್ಕೆ ಪರದೆ ಇರಲಿಲ್ಲ. ಬಾಗಿಲು ತೆರೆದರೆ ಬೆಂಚಿನ ಮೇಲಿದ್ದವರಿಗೆಲ್ಲ ಕಾಣುತ್ತಿತ್ತು. ನಮ್ಮ ಊರುಗಳ ಗೋಡೆ ಗೋಡೆಗಳ ಮೇಲೆ 'ಮೂಲವ್ಯಾಧಿಗೆ ಶಾಶ್ವತ ಪರಿಹಾರ' ಎಂದು ಬರೆದಿರುತ್ತದೆ. ರಕ್ತ ಕಂಡ ಮನುಷ್ಯ ಡಾಕ್ಟರ ಹತ್ತಿರ ಬರುವ ಮೊದಲೇ ತನ್ನ ಕಾಯಿಲೆಯ ಹೆಸರನ್ನು ಗೋಡೆಯಿಂದ ಓದಿಕೊಂಡು ಬಂದಿರುತ್ತಾನೆ. ನಾಚಿಕೆ, ಅವಸರ, ಪರದೆಯಿಲ್ಲದ ಮಂಚ. ಯಾವ ಸಮೀಕ್ಷೆಯೂ ಇವನ್ನು 'ವೈದ್ಯರ ತಿಳಿವಳಿಕೆ' ಎಂಬ ಅಂಕಣದಲ್ಲಿ ಬರೆದುಕೊಳ್ಳುವುದಿಲ್ಲ. ಆದರೆ ತಿಳಿದದ್ದು ಕೈಗೆ ಇಳಿಯದಂತೆ ತಡೆಯುವುದು ಇವೇ.

ಹೊರಡುವಾಗ ಡಾಕ್ಟರು ಕೇಳಿದರು: "ಅವರಿಗೆ ಗೊತ್ತಾದಾಗ ವಯಸ್ಸು ಎಷ್ಟಾಗಿತ್ತು?"

"ಐವತ್ತಾರು."

"ನಿಮ್ಮಪ್ಪ ಅವರ ತಮ್ಮ ಅಲ್ವಾ. ಕೊಲೊನೊಸ್ಕೋಪಿ ಮಾಡಿಸಿದ್ದಾರಾ?"

ಮಾಡಿಸಿರಲಿಲ್ಲ. ಒಡಹುಟ್ಟಿದವರಿಗೆ ಅಥವಾ ತಂದೆತಾಯಿಗೆ ಅರವತ್ತಕ್ಕೆ ಮುಂಚೆ ಈ ಕ್ಯಾನ್ಸರ್ ಬಂದಿದ್ದರೆ ನಲವತ್ತನೇ ವಯಸ್ಸಿಗೇ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆಯೇ, ಯಾವುದು ಮೊದಲೋ ಆಗ, ಒಳಗೆ ನೋಡಿಸಿಕೊಳ್ಳಬೇಕೆಂದು ಅಮೆರಿಕದ ಮಾರ್ಗಸೂಚಿಗಳು ಹೇಳುತ್ತವೆ. ಪಾಲಿಪ್ ಕ್ಯಾನ್ಸರಾಗಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಸಿಕ್ಕಿದರೆ ಅಲ್ಲೇ ಕತ್ತರಿಸಿ ತೆಗೆಯಬಹುದು. ದೊಡ್ಡಪ್ಪ ಎರಡು ವರ್ಷ ಆಸ್ಪತ್ರೆಗಳನ್ನು ಸುತ್ತಿದಾಗ ಜೊತೆಯಲ್ಲಿ ಓಡಾಡಿದವರು ಅಪ್ಪ. ಅಷ್ಟೂ ಜನ ವೈದ್ಯರಲ್ಲಿ ಯಾರೂ ಅಪ್ಪನಿಗೆ ಇದನ್ನು ಹೇಳಿರಲಿಲ್ಲ. ನಾನು ಓದಿ ತಿಳಿದು ಎರಡು ಸಲ ಹೇಳಿದ್ದೆ. "ನನಗೇನಾಗಿದೆ? ಚೆನ್ನಾಗೇ ಇದೀನಲ್ಲ" ಎಂದು ಎದ್ದು ತೋಟಕ್ಕೆ ಹೋಗಿದ್ದರು. ಗ್ರೀಗರ್‌ನ ಕಾಲದಿಂದಲೂ ತಪಾಸಣೆ ಎದುರಿಸುತ್ತಿರುವ ಕಷ್ಟವನ್ನೆಲ್ಲ ಅಪ್ಪ ಒಂದೇ ಮಾತಿನಲ್ಲಿ ಹೇಳಿದ್ದರು.

ಡಾಕ್ಟರು ಫೋನ್ ತೆಗೆದು ನನ್ನೆದುರಿಗೇ ಅಪ್ಪನಿಗೆ ಮಾಡಿದರು. "ನಿಮ್ಮಣ್ಣನದು ನಾನು ನೋಡಲಿಲ್ಲ. ನಿಮ್ಮದು ನೋಡಿಸಲೇಬೇಕು" ಎಂದಷ್ಟೇ ಹೇಳಿದರು. ನಾನು ಓದಿದ ಮೂವತ್ತು ಲೇಖನಗಳಿಂದ ಆಗದ್ದು ಅಷ್ಟರಿಂದ ಆಯಿತು. ಮುಂದಿನ ವಾರ ಅಪ್ಪ ಬೆಂಗಳೂರಿಗೆ ಬರುತ್ತಿದ್ದಾರೆ. ಹಿಂದಿನ ದಿನ ಕುಡಿಯಬೇಕಾದ ಆ ಔಷಧಿ ನ��ರು ಹೇಗಿರುತ್ತದೆ ಎಂದು ಈಗಾಗಲೇ ನಾಲ್ಕು ಸಲ ಕೇಳಿದ್ದಾರೆ.

ದೊಡ್ಡಮ್ಮನ ಕವರಿನಲ್ಲಿ ಬೇಡದ ಬಿಲ್ಲುಗಳನ್ನೆಲ್ಲ ತೆಗೆದುಹಾಕಿದೆ. ಬಯಾಪ್ಸಿ ವರದಿ ಬೇಕು, ಅಪ್ಪನ ಡಾಕ್ಟರಿಗೆ ತೋರಿಸಬೇಕು. ಆ ಹರಿದ ಚೀಟಿಯನ್ನು ಹಿಡಿದು, "ಇದು? ಇದರಲ್ಲಿ ಏನೂ ಇಲ್ಲ ಅಂತ ಬರೆದಿದೆಯಲ್ಲ, ಬಿಸಾಕಲಾ?" ಎಂದು ದೊಡ್ಡಮ್ಮ ಕೇಳಿದರು.

ಬೇಡ ಎಂದು ಇಸಿದುಕೊಂಡೆ.